ಗುಂಡವ್ವ ಕಾಯ್ದ ಕಪ್ಪು ಬಿಲ್ಲೆ

ಗುಂಡವ್ವನ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ದೊಡ್ಡ ಸಜ್ಜನನೆಂದು ತಪ್ಪು ತಿಳಿಯಬಾರದು. ನಾನು ಯಲ್ಲಾಲಿಂಗ, ಛತ್ರಪತಿ ಸಂಭಾಜಿನಗರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ವಿಭಾಗದ ಸ್ಟೋರ್ ಕೀಪರ್. ಊರು ಇಂಡಿ ತಾಲ್ಲೂಕು. ಗುಂಡವ್ವನದೂ ಅದೇ ಕಡೆ, ನಮ್ಮೂರಿನಿಂದ ಎರಡು ಹಳ್ಳ ದಾಟಿದರೆ ಅವಳ ಊರು. ಪರಸ್ಥಳದಲ್ಲಿ ನಮ್ಮ ಕಡೆಯವರು ಸಿಕ್ಕರೆ ಯಾರಿಗಾದರೂ ಸಂತೋಷವಾಗಬೇಕು. ನನಗೆ ಆಗಲಿಲ್ಲ. ಯಾಕೆಂದರೆ ಕೆಲಸಕ್ಕೆ ಬಂದ ಮೊದಲ ದಿನವೇ ಅವಳು ಕಸಬರಿಗೆ ಹಿಡಿದು ನನ್ನ ಸ್ಟೋರಿನ ಬಾಗಿಲಲ್ಲಿ ನಿಂತು ಹೀಗೆಂದಳು:

"ಅಣ್ಣಾರ, ಈ ಗ್ವಾಡಿ ಕಟ್ಟೂವಾಗ ನಾನ ಇಟ್ಟಂಗಿ ಹೊತ್ತೀನ್ರಿ. ನಿಮ್ಮ ಖುರ್ಚಿ ಹಿಂದ ಒಂದು ಸೊಟ್ಟ ಕುಂತೈತಿ. ಗಿಲಾವದಾಗ ಮುಚ್ಚ್ಯಾರ, ಆದ್ರ ಉಬ್ಬ ಕಾಣತೈತಿ ನೋಡ್ರಿ."

ನೋಡಿದೆ. ಉಬ್ಬು ಇತ್ತು. ಆರು ತಿಂಗಳಿನಿಂದ ಅದೇ ಖುರ್ಚಿಯಲ್ಲಿ ಕೂತಿದ್ದ ನನಗೆ ಅದು ಒಮ್ಮೆಯೂ ಕಂಡಿರಲಿಲ್ಲ. ಬಂದ ದಿನವೇ ತಪ್ಪು ತೋರಿಸುವ ಹೆಂಗಸಿನ ಮೇಲೆ ಪ್ರೀತಿ ಹೇಗೆ ಬರಬೇಕು, ನೀವೇ ಹೇಳಿ.

ಅವಳು ಹೇಳಿದ್ದು ಮಾತ್ರ ನಿಜ. ಆ ಕಟ್ಟಡವನ್ನು ಕಟ್ಟಿದ್ದು ನಮ್ಮ ವಿಜಯಪುರ ಕಡೆಯಿಂದ ಬಂದ ಗ್ಯಾಂಗು. ಗುಂಡವ್ವನ ಗಂಡ ಮುತ್ತಪ್ಪ ಅದರಲ್ಲಿ ಗೋಡೆ ಕಟ್ಟುವ ಗೌಂಡಿ. ಕಟ್ಟಡ ಮುಗಿದ ಮೇಲೆ ಗ್ಯಾಂಗು ಸಿನ್ನರಿನ ಯಾವುದೋ ಕಾರ್ಖಾನೆಯ ಕೆಲಸಕ್ಕೆ ಹೋಯಿತು. ಗುಂಡವ್ವ ಹೋಗಲಿಲ್ಲ, ಗಂಡನನ್ನೂ ಬಿಡಲಿಲ್ಲ. "ಕಟ್ಟಿದ ಮನ್ಯಾಗ ಒಮ್ಮೆರ ಇದ್ದು ನೋಡಬೇಕು" ಎಂದು ಹಟ ಹಿಡಿದು, ಗುತ್ತಿಗೆದಾರನ ಹತ್ತಿರ ಕಸ ಗುಡಿಸುವ ಕೆಲಸ ಕೇಳಿ ಪಡೆದಳು. ಅದಾಗಿ ಈಗ ಹನ್ನೊಂದು ವರ್ಷ.

ನಮ್ಮ ವಿಭಾಗದ ಮುಖ್ಯಸ್ಥರು ಹೃಷಿಕೇಶ ಸರ್. ಒಳ್ಳೆಯವರೇ, ಆದರೆ ನಿಯಮ ಅಂದರೆ ಪ್ರಾಣ. ಪ್ರಯೋಗಾಲಯದ ಬಾಗಿಲಿಗೆ ಮರಾಠಿಯಲ್ಲಿ ಒಂದು ಫಲಕ ಹಾಕಿಸಿದ್ದರು: ಸಫಾಯಿ ಕೆಲಸದವರು ಯಾವ ಯಂತ್ರವನ್ನೂ ಮುಟ್ಟಬಾರದು. ಮುಟ್ಟಿದರೆ ಗುತ್ತಿಗೆ ರದ್ದು. ಆ ಫಲಕವನ್ನು ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದವಳೂ ಗುಂಡವ್ವನೇ.

ಎರಡೂವರೆ ವರ್ಷದ ಹಿಂದೆ ಆ ಪ್ರಯೋಗಾಲಯಕ್ಕೆ ಗಗನಾ ಬಂದಳು. ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿರುವ ಶ್ರೀಪತಿಯವರ ಒಬ್ಬಳೇ ಮಗಳು. ಹುಟ್ಟಿ ಬೆಳೆದದ್ದೆಲ್ಲ ನಾಸಿಕದಲ್ಲಿ. ಮನೆಯಲ್ಲಿ ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ಇವಳು ಮರಾಠಿಯಲ್ಲಿ ಉತ್ತರ ಕೊಟ್ಟು ಬೆಳೆದವಳು. ಕನ್ನಡ ಪೂರ್ತಿ ತಿಳಿಯುತ್ತದೆ, ಅರ್ಧ ಬರುತ್ತದೆ, ಅಕ್ಷರವಂತೂ ಒಂದೂ ಗೊತ್ತಿಲ್ಲ. ಮೊದಲ ದಿನ ಗುಂಡವ್ವನನ್ನು ಇಲ್ಲಿಯ ರೂಢಿಯಂತೆ ಮರಾಠಿಯಲ್ಲಿ "ಮಾವಶಿ", ಎಂದರೆ ಚಿಕ್ಕಮ್ಮ, ಎಂದು ಕರೆದಳು.

"ಮಾವಶಿ ಎಲ್ಲಾರಿಗೂ ಅದೀನಿ" ಎಂದಳು ಗುಂಡವ್ವ. "ನೀ ಕನ್ನಡದಾಕಿ. ಚಿಗವ್ವ ಅನ್ನು. ನನ್ನ ಜೋಡಿ ಒಂದು ಮರಾಠಿ ಶಬ್ದ ಆಡಿದ್ರ ಒಂದು ಹಸಿ ಮೆಣಸಿನಕಾಯಿ ತಿನ್ನಬೇಕು ನೋಡು, ರೊಟ್ಟಿ ಜೋಡಿ."

ಹುಡುಗಿ ನಗುತ್ತ ಒಪ್ಪಿದಳು. ಪಾಪ, ಗುಂಡವ್ವ ಆಡಿದ ಮಾತು ತಪ್ಪುವವಳಲ್ಲ ಎಂದು ಅವಳಿಗೇನು ಗೊತ್ತು! ಮೊದಲ ವಾರ ದಿನಕ್ಕೆ ಆರು ಮೆಣಸಿನಕಾಯಿ ಬಿತ್ತು. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತ ನನ್ನ ಸ್ಟೋರಿಗೆ ಓಡಿ ಬಂದು "ಕಾಕಾ, ಸಕ್ಕರೆ!" ಎನ್ನುತ್ತಿದ್ದಳು. ಒಂದು ವರ್ಷದ ಹೊತ್ತಿಗೆ ಗುಂಡವ್ವನ ಮುಂದೆ ಅವಳ ಬಾಯಿಂದ ಮರಾಠಿ ಬರುವುದೇ ನಿಂತಿತು.

ಗಗನಾಳ ಕೆಲಸ ಒಂದು ಕಪ್ಪು ಬಿಲ್ಲೆ ಮಾಡುವುದು. ಮೂರು ಪುಡಿಗಳನ್ನು ಖಲ್ಲು ಎಂಬ ಗಟ್ಟಿ ಕಲ್ಲಿನ ಕುಟ್ಟಾಣಿಯಲ್ಲಿ ಗಂಟೆಗಟ್ಟಲೆ ಅರೆಯಬೇಕು, ಒತ್ತಿ ಬಿಲ್ಲೆ ಮಾಡಬೇಕು, ಕುಲುಮೆಯಲ್ಲಿ ಒಂಬೈನೂರು ಡಿಗ್ರಿಯ ಮೇಲೆ ಸುಡಬೇಕು. ಮತ್ತೆ ಪುಡಿ ಮಾಡಿ ಮತ್ತೆ ಅರೆಯಬೇಕು, ಮತ್ತೆ ಸುಡಬೇಕು. ಸರಿಯಾಗಿ ಬಂದರೆ ಆ ಬಿಲ್ಲೆ ಸೂಪರ್‌ಕಂಡಕ್ಟರ್. ಎಂದರೆ, ಸಾಕಷ್ಟು ತಣ್ಣಗೆ ಮಾಡಿದಾಗ ಅದರಲ್ಲಿ ಹರಿಯುವ ವಿದ್ಯುತ್ತಿಗೆ ಎಲ್ಲಿಯೂ ತಡೆಯಿಲ್ಲ. ಮೇಲೊಂದು ಸಣ್ಣ ಅಯಸ್ಕಾಂತ ಇಟ್ಟರೆ ಅದು ಬಿಲ್ಲೆಗೆ ತಾಗದೆ ಗಾಳಿಯಲ್ಲಿ ತೇಲುತ್ತದೆ.

ಇದನ್ನು ಗಗನಾ ಗುಂಡವ್ವನಿಗೆ ತಿಳಿಸಿ ಹೇಳಿದ ದಿನ ನಾನೂ ಅಲ್ಲೇ ಇದ್ದೆ.

"ಎಷ್ಟು ಥಂಡಿ ಬೇಕವ್ವ ಇದಕ್ಕ?"

"ಮೈನಸ್ ನೂರಾ ಎಂಬತ್ತು, ಚಿಗವ್ವ. ಅದಕ್ಕೇ ದ್ರವ ನೈಟ್ರೋಜನ್ ಹಾಕೋದು. ಇದರ ಹೆಸರು ಹೈ ಟೆಂಪರೇಚರ್ ಸೂಪರ್‌ಕಂಡಕ್ಟರ್."

ಗುಂಡವ್ವ ಕೈಯಲ್ಲಿದ್ದ ಕಸಬರಿಗೆ ಕೆಳಗಿಟ್ಟು ನಕ್ಕಳು. "ಬರಫಕ್ಕಿಂತ ಥಂಡಿ ಐತಿ, ಹೆಸರು ಹೈ ಟೆಂಪರೇಚರ್! ಇದಕ್ಕ ಹೆಸರಿಟ್ಟಾಂವಗ ಅವರವ್ವ ಬಿಸಿ ರೊಟ್ಟಿ ಮಾಡಿ ಹಾಕಿಲ್ಲ ಕಾಣಸತೈತಿ."

"ಬೇರೆಯವಕ್ಕೆ ಇನ್ನೂ ಥಂಡಿ ಬೇಕು ಚಿಗವ್ವ. ಅವುಗಳ ಮುಂದೆ ಇದು ಬಿಸಿನೇ. ಒಳಗೆ ಎಲೆಕ್ಟ್ರಾನ್ ಇರ್ತಾವಲ್ಲ, ಬಿಸಿ ಇದ್ದಾಗ ಹೆಂಗ್ಹೆಂಗೋ ಓಡಿ ಹಾಯ್ದುಕೊಳ್ತಾವೆ. ಥಂಡಿ ಆದ್ಮೇಲೆ ಜೋಡಿ ಜೋಡಿ ಆಗ್ತಾವೆ. ಜೋಡಿಗಳೆಲ್ಲ ಸೇರಿ ಒಂದೇ ತಾಳದಲ್ಲಿ ಹೋಗ್ತಾವೆ, ಇಡೀ ಬಿಲ್ಲೆ ತುಂಬ. ಇದು ಕ್ವಾಂಟಮ್. ಬೇರೆ ಕಡೆ ಅಣುವಿನ ಒಳಗೆ ನಡೆಯೋದು, ಕಣ್ಣಿಗೆ ಕಾಣೋದಿಲ್ಲ. ಇಲ್ಲಿ ಕಾಣ್ತದೆ. ಆದರೆ ಈ ಬಿಲ್ಲೆಯಲ್ಲಿ ಯಾಕೆ ಜೋಡಿ ಆಗ್ತಾವೆ ಅಂತ ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲ."

"ಜೋಡಿ ಯಾಕ ಆದ್ರು ಅಂತ ನನಗೂ ಮುತ್ತಪ್ಪಗೂ ಗೊತ್ತಿಲ್ಲ ತಗೊ. ಇಪ್ಪತ್ನಾಲ್ಕು ವರ್ಷ ಆತು, ಇನ್ನೂ ದಿನಾ ಹಾಯತೀವಿ."

"ನಿಮ್ಮನ್ನ ಯಾರೂ ನೈಟ್ರೋಜನ್‌ನಲ್ಲಿ ಹಾಕಿಲ್ಲ ಚಿಗವ್ವ" ಎಂದಳು ಹುಡುಗಿ. ಇಬ್ಬರೂ ಬಿದ್ದು ಬಿದ್ದು ನಕ್ಕರು. ಸ್ಟೋರಿನ ರಿಜಿಸ್ಟರ್ ಬರೆಯುತ್ತಿದ್ದ ನನಗೂ ನಗು ಬಂತು, ತೋರಿಸಿಕೊಳ್ಳಲಿಲ್ಲ.

ಅರೆಯುವ ವಿಷಯದಲ್ಲಿ ಗುಂಡವ್ವ ಫಲಕದ ನಿಯಮವನ್ನು ಯಾವತ್ತೋ ಮುರಿದಿದ್ದಳು. ಗಗನಾ ಖಲ್ಲಿನಲ್ಲಿ ಗಿರಿಗಿರಿ ತಿರುಗಿಸುವುದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. "ಏನ ಅರಿತೀ ನನ್ನವ್ವಾ, ಮೊಸರು ಕಡದಂಗ! ಮಣಿಕಟ್ಟು ಸಡ್ಲ ಬಿಡು, ಭುಜದಾಗಿಂದ ಭಾರ ಬರಲಿ" ಎಂದು ಕೈಗವಸು, ಮುಖಕ್ಕೆ ಮಾಸ್ಕು ಹಾಕಿಸಿಕೊಂಡು ಕೂತೇಬಿಟ್ಟಳು. ಶೇಂಗಾ ಚಟ್ನಿ ಕುಟ್ಟಿದ ಕೈ. ಪುಡಿ ಹೂವಿನ ಧೂಳಿನಂತೆ ಬಂತು. ಖಲ್ಲು ಯಂತ್ರವೋ ಅಲ್ಲವೋ ಎಂದು ಫಲಕದಲ್ಲಿ ಬರೆದಿರಲಿಲ್ಲವಾದ್ದರಿಂದ ನಾನೂ ಸುಮ್ಮನಿದ್ದೆ.

ಎಷ್ಟು ಅರೆದರೇನು, ಬಿಲ್ಲೆ ಮಾತ್ರ ತೇಲಲಿಲ್ಲ. ಎರಡೂವರೆ ವರ್ಷದಲ್ಲಿ ನಲವತ್ತೊಂದು ಬಿಲ್ಲೆ. ಪ್ರತಿ ಸಲ ನೈಟ್ರೋಜನ್ ಸುರಿದು, ಹೊಗೆಯಂಥ ಮಂಜು ಸರಿದ ಮೇಲೆ ಅಯಸ್ಕಾಂತ ಇಟ್ಟರೆ ಅದು ಟಕ್ ಎಂದು ಕೂತುಬಿಡುತ್ತಿತ್ತು.

ಇದರಲ್ಲಿ ನನ್ನ ಪಾಲೂ ಇತ್ತು. ಸುಟ್ಟ ಬಿಲ್ಲೆ ಆರುವಾಗ ಆಮ್ಲಜನಕ ಎಳೆದುಕೊಳ್ಳಬೇಕು, ನಿಧಾನವಾಗಿ, ಹೊಟ್ಟೆ ತುಂಬ. ಇಲ್ಲದಿದ್ದರೆ ಅದು ಬರೀ ಕರಿ ಕಲ್ಲು. "ಕಾಕಾ, ಕುಲುಮೆ ಆರೋವರೆಗೂ ಆಕ್ಸಿಜನ್ ಬಿಡಿ" ಎಂದು ಗಗನಾ ನೂರು ಸಲ ಕೇಳಿದ್ದಳು. ಕುಲುಮೆ ಬಂದ್ ಆದೊಡನೆ ಸಿಲಿಂಡರೂ ಬಂದ್, ಅದು ನನ್ನ ಪದ್ಧತಿ. ಉರಿ ಇಲ್ಲದ ಒಲೆಗೆ ಗಾಳಿ ಊದುವ ಹುಚ್ಚರು ಯಾರು ಎಂದು ನಾನು ಗದರಿದೆ. ಜಾಸ್ತಿ ಬೇಕಾದರೆ ಸರ್ ಸಹಿ ತಾ ಎಂದೆ. ಸರ್, "ಹಿಂದಿನವರೆಲ್ಲ ಅಷ್ಟರಲ್ಲೇ ಮಾಡಿದ್ದಾರೆ" ಎಂದುಬಿಟ್ಟರು. ಅಷ್ಟಕ್ಕೆ ಅವಳ ಬಾಯಿ ಮುಚ್ಚಿತು.

ಈ ವರ್ಷ ಜನವರಿಯಲ್ಲಿ ಸರ್ ಖಡಾಖಂಡಿತ ಹೇಳಿದರು: ಮಾರ್ಚ್ ಕೊನೆಗೆ ಸಮಿತಿ ಬರುತ್ತದೆ, ಅಷ್ಟರೊಳಗೆ ತೇಲುವ ಬಿಲ್ಲೆ ತೋರಿಸದಿದ್ದರೆ ಗಗನಾಳ ಪಿಎಚ್‌ಡಿ ನೋಂದಣಿ ರದ್ದು. ಅವಳ ಅಪ್ಪ ನಾಸಿಕದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಆಗಲೇ ಜಾಗ ನೋಡಿಟ್ಟಿದ್ದರು. ಹುಡುಗಿ ಗುಂಡವ್ವನ ಪಕ್ಕ ಮೆಟ್ಟಿಲ ಮೇಲೆ ಕೂತು, "ನನಗೆ ಅದು ಬೇಡ ಚಿಗವ್ವ, ನನಗೆ ಇದೇ ಬೇಕು" ಎಂದು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾರ್ಚ್ ಎರಡನೆಯ ಶನಿವಾರ ಗಗನಾ ನಲವತ್ತೆರಡನೆಯ ಬಿಲ್ಲೆಯನ್ನು ಕುಲುಮೆಗೆ ಇಟ್ಟಳು. ಮರುದಿನ ಅಪ್ಪನ ಅರವತ್ತನೆಯ ವರ್ಷದ ಶಾಂತಿ, ಓಝರಿಗೆ ಹೋಗಲೇಬೇಕಿತ್ತು. ರವಿವಾರ ಬೆಳಿಗ್ಗೆ ಒಂಬತ್ತಕ್ಕೆ ಕುಲುಮೆ ಆರಿಸಿ ಸಿಲಿಂಡರ್ ಬಂದ್ ಮಾಡುವ ಕೆಲಸ ನನ್ನದು. ನನಗೋ ಅದೇ ರವಿವಾರ ಪೈಠಣದಲ್ಲಿ ಹೆಂಡತಿಯ ತಂಗಿಯ ಕುಬಸ, ಅಂದರೆ ಸೀಮಂತ. ಸೀರೆ, ಹೂರಣದ ಹೋಳಿಗೆ, ಕಟ್ಟಿನ ಸಾರು. ಒಂದು ಗುಂಡಿ ತಿರುಗಿಸಲು ಇದನ್ನೆಲ್ಲ ಬಿಡಲು ನಾನೇನು ಸನ್ಯಾಸಿಯೇ? ಕೀಲಿಯನ್ನು ಗುಂಡವ್ವನ ಕೈಗಿಟ್ಟೆ.

"ಒಂಬತ್ತಕ್ಕ ಒಲಿ ಬಂದ್ ಮಾಡು, ಆಮ್ಯಾಲ ಸಿಲಿಂಡರ್ ಬಂದ್ ಮಾಡು, ಮನಿಗೆ ಹೋಗು. ಕೀಲಿ ಕೊಟ್ಟೀನಂತ ಯಾರ ಮುಂದೂ ಬಾಯಿ ಬಿಡಬ್ಯಾಡ."

"ಮುಟ್ಟಬಾರದು ಅಂತ ಬರದಾರಲ್ರಿ?"

"ನಾ ಹೇಳಾಕತ್ತೀನಲ್ಲ!"

ರವಿವಾರ ಒಂಬತ್ತಕ್ಕೆ ಗುಂಡವ್ವ ಕುಲುಮೆಯ ಮುಂದೆ ನಿಂತಳು. ನನ್ನ ಮಾತಿನ ಮೇಲೆ ಅವಳಿಗೆ ಅಷ್ಟೊಂದು ನಂಬಿಕೆ ಇಲ್ಲ. ಖಾತ್ರಿಗೆಂದು ಗಗನಾಗೆ ಫೋನ್ ಹಚ್ಚಿದಳು. ಓಝರಿನ ಮನೆಯಲ್ಲಿ ಆ ಹೊತ್ತಿಗೆ ಪುರೋಹಿತರ ಮಂತ್ರ, ಅಡುಗೆಮನೆಯಲ್ಲಿ ತಾಯಿ ಜಯಲಕ್ಷ್ಮಿಯವರ ಮಿಕ್ಸರ್.

"ಗಗನವ್ವಾ, ಒಲಿ ಬಂದ್ ಮಾಡ್ಲ್ಯಾ?"

ಮಿಕ್ಸರಿನ ಗದ್ದಲದಲ್ಲಿ ಹುಡುಗಿಗೆ ಒಂದಕ್ಷರ ಕೇಳಿಸಲಿಲ್ಲ. ಸುತ್ತ ನಾಸಿಕದ ನೆಂಟರಿಷ್ಟರು, ಬಾಯಿಗೆ ಬಂದದ್ದು ಮರಾಠಿ. "ಕಾಯ್? ಕಾಯ್?" ಎಂದು ಕೂಗಿದಳು.

ಮರಾಠಿಯಲ್ಲಿ ಕಾಯ್ ಎಂದರೆ ಏನು ಎಂದು ಕೇಳಿದಂತೆ. ನಮ್ಮ ಕನ್ನಡದಲ್ಲಿ ಕಾಯ್ ಎಂದರೆ ಕಾಯುತ್ತಿರು. ಗುಂಡವ್ವನಿಗೆ ಎರಡೂ ಗೊತ್ತು. ಆದರೆ ಗಗನಾ ತನ್ನ ಜೊತೆ ಮರಾಠಿ ಆಡುವವಳಲ್ಲ, ಮೆಣಸಿನಕಾಯಿ ತಿನ್ನಬೇಕಾಗುತ್ತದೆ. ಅಂದ ಮೇಲೆ ಇದು ಕನ್ನಡದ ಕಾಯ್. "ಆತ ತಗೊ, ಕಾಯತೀನಿ" ಎಂದು ಫೋನ್ ಇಟ್ಟು, ಶಾಖ ತಾಗಬಾರದೆಂದು ಅದನ್ನು ಸ್ಟೋರಿನ ಡ್ರಾಯರಿಗೆ ಹಾಕಿ ಬಂದಳು. ಗಗನಾ ಮತ್ತೆ ಫೋನ್ ಮಾಡಿದ್ದು ಡ್ರಾಯರಿನೊಳಗೇ ಬಡಿದುಕೊಂಡಿತು. ಕೊನೆಗೆ ಹುಡುಗಿ ನನಗೆ ಮೆಸೇಜು ಹಾಕಿದಳು: ಎಲ್ಲ ಸರಿ ಇದೆಯಾ ಕಾಕಾ? ಒಂದು ಕೈಯಲ್ಲಿ ಹೋಳಿಗೆ ಹಿಡಿದಿದ್ದ ನಾನು ಇನ್ನೊಂದು ಕೈಯಿಂದ ಹೆಬ್ಬೆರಳಿನ ಚಿತ್ರ ಕಳಿಸಿದೆ.

ಗುಂಡವ್ವ ಕಾಯ್ದಳು. ಒಂದು ತಾಸಾದ ಮೇಲೆ ಅವಳಿಗೆ ಕಸಿವಿಸಿ. ಪೂರ್ತಿ ಉರಿಯ ಮೇಲೆ ಏನನ್ನಾದರೂ ಇಟ್ಟು ಕೂತರೆ ತಳ ಹತ್ತುವುದಿಲ್ಲವೇ? ಕೆನೆಗಟ್ಟಬೇಕಾದ ಹಾಲಿನ ಉರಿ ಹೇಗೆ ತಗ್ಗಿಸುತ್ತಾರೋ ಹಾಗೆ ಗುಂಡಿಯನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿದಳು. ಕೆಂಪು ಅಂಕಿ ಐವತ್ತು ಇಳಿಯಿತು. ಒಂದು ಕೋಣೆ ಒರೆಸಿ ಬರುವುದು, ಐವತ್ತು ಇಳಿಸುವುದು. ಇನ್ನೊಂದು ಕೋಣೆ, ಇನ್ನೈವತ್ತು. ಸಂಜೆ ಏಳಕ್ಕೆ ಕಟ್ಟಡದ ಕೋಣೆಗಳೆಲ್ಲ ಮುಗಿದವು, ಅಂಕಿ ನಾನೂರೈವತ್ತಕ್ಕೆ ಬಂದಿತ್ತು. ಆಗ ಕುಲುಮೆ ಆರಿಸಿದಳು. ಆಮ್ಲಜನಕ ಮಾತ್ರ ಹರಿಯುತ್ತಲೇ ಇತ್ತು. ಒಲೆ ಇನ್ನೂ ಬಿಸಿಯಿದೆ, ಗಾಳಿ ಇರಲಿ ಎಂದು ಹಾಗೇ ಬಿಟ್ಟಳು.

ಸೋಮವಾರ ಬೆಳಿಗ್ಗೆ ಸಿಲಿಂಡರಿನ ಮುಳ್ಳು ಸೊನ್ನೆಗೆ ಇಳಿದದ್ದು ನೋಡಿ ನನ್ನ ಜೀವ ಹಾರಿತು.

"ಏನ್ ಮಾಡಿದೆಬೇ?"

"ಕಾಯ್ ಅಂದ್ಳು, ಕಾಯ್ದೆ."

"ಏ ಹುಚ್ಚಿ, ಅದು ಮರಾಠಿ ಕಾಯ್!"

"ನನ್ನ ಜೋಡಿ ಆಕಿ ಮರಾಠಿ ಆಡಂಗಿಲ್ರಿ" ಎಂದಳು, ನ್ಯಾಯಾಧೀಶರ ಹಾಗೆ.

ತಲೆ ಚಚ್ಚಿಕೊಂಡೆ. ಬೇರೆ ಸಿಲಿಂಡರ್ ಹಚ್ಚಿದೆ. ಕುಲುಮೆಯ ರಿಜಿಸ್ಟರಿನಲ್ಲಿ, "ರವಿವಾರ ಬೆಳಿಗ್ಗೆ ಒಂಬತ್ತು: ಬಂದ್ ಮಾಡಲಾಯಿತು, ಯಲ್ಲಾಲಿಂಗ" ಎಂದು ಬರೆದು ಸಹಿ ಹಾಕಿದೆ. ಬಾಯಿ ಬಿಟ್ಟರೆ ನಿನ್ನ ಗುತ್ತಿಗೆಯೂ ಹೋಗುತ್ತದೆ, ನನ್ನ ನೌಕರಿಯೂ ಹೋಗುತ್ತದೆ ಎಂದು ಗುಂಡವ್ವನನ್ನು ಹೆದರಿಸಿದೆ.

ಹತ್ತು ಗಂಟೆಗೆ ಗಗನಾ ಬಂದಳು. ಆಸೆಯಿಲ್ಲದ ಮುಖದಲ್ಲಿ ಬಿಲ್ಲೆಯನ್ನು ಥರ್ಮಾಕೋಲ್ ಬಟ್ಟಲಲ್ಲಿಟ್ಟು ನೈಟ್ರೋಜನ್ ಸುರಿದಳು. ಕುದಿ ನಿಂತ ಮೇಲೆ ಚಿಮಟಿಗೆಯಿಂದ ಅಯಸ್ಕಾಂತವನ್ನು ಇಟ್ಟಳು. ಟಕ್ ಎನ್ನಲಿಲ್ಲ. ಅಯಸ್ಕಾಂತ ಅರ್ಧ ಬೆರಳಿನಷ್ಟು ಮೇಲೆ ಗಾಳಿಯಲ್ಲಿ ನಿಂತಿತ್ತು. ಬೆರಳಿಂದ ತಳ್ಳಿದಳು, ನಿಂತಲ್ಲೇ ತಿರುಗಿತು. ಬಿಲ್ಲೆಯನ್ನೇ ಚಿಮಟಿಗೆಯಲ್ಲಿ ಎತ್ತಿ ತಲೆಕೆಳಗು ಹಿಡಿದಳು. ಅಯಸ್ಕಾಂತ ಬೀಳದೆ ಅಷ್ಟೇ ಅಂತರದಲ್ಲಿ ಕೆಳಗೆ ತೂಗಿತು. ಅದರ ಕಾಂತಶಕ್ತಿಯ ಎಳೆಗಳು ಬಿಲ್ಲೆಯೊಳಗೆ ಸಿಕ್ಕಿಹಾಕಿಕೊಂಡು ಬಿಡುವುದಿಲ್ಲವಂತೆ, ಅದೂ ಕ್ವಾಂಟಮ್ಮೇ ಅಂತೆ.

"ಚಿಗವ್ವಾ!" ಎಂದು ಕಿರುಚಿ ಹುಡುಗಿ ಗುಂಡವ್ವನನ್ನು ಬಕೆಟ್ಟಿನ ಸಮೇತ ಅಪ್ಪಿಕೊಂಡಳು. ಗುಂಡವ್ವ ಅವಳ ಹೆಗಲ ಮೇಲಿಂದ ನನ್ನನ್ನು ನೋಡಿದಳು. ನಾನು ತುಟಿಯ ಮೇಲೆ ಬೆರಳಿಟ್ಟೆ.

ಹೃಷಿಕೇಶ ಸರ್ ನೋಡಿದರು, ಮೆಚ್ಚಿದರು. ಆಮೇಲೆ ಅಂದರು: "ಒಂದು ಸಲ ಆದದ್ದು ಲೆಕ್ಕಕ್ಕಿಲ್ಲ. ರಿಜಿಸ್ಟರಿನಲ್ಲಿರುವಂತೆಯೇ ಮಾಡಿ ಇನ್ನೊಂದು ತೇಲಿಸು. ಸಮಿತಿಗೆ ಅದು ಬೇಕು."

ರಿಜಿಸ್ಟರಿನಲ್ಲಿ ಇದ್ದದ್ದು ನನ್ನ ಸುಳ್ಳು. ಗಗನಾ ಅದನ್ನೇ ಅಕ್ಷರಶಃ ಪಾಲಿಸಿದಳು. ಟಕ್. ಇನ್ನೊಂದು ಮಾಡಿದಳು. ಟಕ್. ಅರೆದದ್ದು ಸಾಲದೇನೋ ಎಂದು ಅಂಗೈ ಬೊಬ್ಬೆ ಬರುವಂತೆ ಅರೆದಳು. ಊಟ ಬಿಟ್ಟಳು. ಕೊನೆಗೆ, "ಮೊದಲನೆಯದು ಹೆಂಗೆ ಆಯ್ತು ಅಂತ ನನಗೇ ಗೊತ್ತಿಲ್ಲ ಚಿಗವ್ವ. ನನಗೆ ಈ ಕೆಲಸ ಬರೋದಿಲ್ಲ ಅನಿಸ್ತದೆ" ಎಂದು ಪುಸ್ತಕ ಪೆಟ್ಟಿಗೆಗೆ ತುಂಬತೊಡಗಿದಳು.

ಅವತ್ತು ಗುಂಡವ್ವ ನನ್ನ ಸ್ಟೋರಿಗೆ ಬಂದು ಬಾಗಿಲು ಮುಂದಕ್ಕೆ ಎಳೆದಳು.

"ಅಣ್ಣಾರ, ಹೇಳಿಬಿಡೂಣ್ರಿ."

"ನೌಕರಿ ಹೋಗತೈತಿ."

"ಆಕಿ ಬಾಳೇವು ಹೋಗಾಕತ್ತೈತಿ, ಕಾಣಸೂದಿಲ್ಲೇನ್ರಿ? ತಾನ ಮಾಡಿದ್ದು ತನಗ ಬರಂಗಿಲ್ಲ ಅಂತ ತಿಳ್ಕೊಂಡೈತಿ ಕೂಸು!"

"ನನಗ ಇಬ್ಬರು ಮಕ್ಕಳು ಸಾಲಿಗೆ ಹೋಗತಾವ ಗುಂಡವ್ವ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಕಸಬರಿಗೆ ತೆಗೆದುಕೊಂಡು ಹೋದಳು.

ಸಮಿತಿ ಬಂದ ದಿನ ಸರ್ ಕೋಣೆಯಲ್ಲಿ ನಾಲ್ಕು ಜನ: ಹೃಷಿಕೇಶ ಸರ್, ಸಮಿತಿಯ ಪರವಾಗಿ ನಾಸಿಕದಿಂದ ಬಂದ ಪ್ರಜ್ಞಾ ಮೇಡಂ, ತಲೆ ತಗ್ಗಿಸಿದ ಗಗನಾ, ರಿಜಿಸ್ಟರ್ ಹಿಡಿದು ನಿಂತ ನಾನು. ಎರಡು ಸಲ ಸೋತದ್ದನ್ನು ಗಗನಾ ಒಪ್ಪಿಕೊಂಡಳು. ಸರ್ ನಿಟ್ಟುಸಿರು ಬಿಟ್ಟು ಪೆನ್ನು ತೆಗೆದರು. ಅಷ್ಟರಲ್ಲಿ ಗುಂಡವ್ವ ಚಹಾದ ಟ್ರೇ ಹಿಡಿದು ಒಳಗೆ ಬಂದಳು. ಕಪ್ಪು ಕೊಡಲಿಲ್ಲ. ಟ್ರೇ ಮೇಜಿನ ಮೇಲಿಟ್ಟು ಮಾತಾಡಲು ಶುರು ಮಾಡಿದಳು. ಹೆದರಿಕೆಗೆ ಹನ್ನೊಂದು ವರ್ಷದ ಮರಾಠಿ ಎಲ್ಲಿ ಹೋಯಿತೋ, ಬಾಯಿಂದ ಬಂದದ್ದೆಲ್ಲ ಕನ್ನಡ.

"ಏನು ಹೇಳುತ್ತಿದ್ದಾಳೆ? ಮರಾಠಿಯಲ್ಲಿ ಹೇಳು ಗಗನಾ" ಎಂದರು ಸರ್.

ಗುಂಡವ್ವ ಒಂದು ವಾಕ್ಯ ಹೇಳುವಳು, ಗಗನಾ ಅದನ್ನು ಮರಾಠಿಗೆ ತಿರುಗಿಸುವಳು.

"ಆವತ್ತು ಒಲಿ ಬಂದ್ ಆಗಿದ್ದು ಒಂಬತ್ತಕ್ಕಲ್ರಿ."

"ಆ ದಿನ ಕುಲುಮೆ ಆರಿಸಿದ್ದು ಒಂಬತ್ತಕ್ಕಲ್ಲ ಅಂತಾರೆ..."

"ತಾಸಿಗೆ ಐವತ್ತರಂಗ ಇಳಸ್ತಾ ಬಂದೀನಿ, ಸಂಜೀ ಏಳರ ತನಕ. ಗಾಳಿ ಚಾಲೂ ಇತ್ತು."

"ಗಂಟೆಗೆ ಐವತ್ತರಂತೆ..." ಎಂದು ಗಗನಾ ಅಲ್ಲೇ ನಿಂತುಬಿಟ್ಟಳು. ಮುಖದಲ್ಲಿ ರಕ್ತ ಏರಿತು. ಮರಾಠಿ ಮರೆತು ಗುಂಡವ್ವನ ಕಡೆ ತಿರುಗಿದಳು. "ಆಕ್ಸಿಜನ್ ಪೂರ್ತಿ ಚಾಲೂ ಇತ್ತಾ ಚಿಗವ್ವ? ಹತ್ತು ಗಂಟೆ? ಹಂಗೆ ಮಾಡ್ರಿ ಅಂತ ನಿಮಗೆ ಯಾರು ಹೇಳಿದ್ರು?"

"ನೀನ. ಕಾಯ್ ಅಂದಿ."

ಹುಡುಗಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಸಮಿತಿಯ ಮುಂದೆಯೇ, ಅಳುತ್ತ ನಗತೊಡಗಿದಳು. ಕಾರಣ ಕೇಳಿ ಪ್ರಜ್ಞಾ ಮೇಡಂ ಕೂಡ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಹೃಷಿಕೇಶ ಸರ್ ನಗಲಿಲ್ಲ. ರಿಜಿಸ್ಟರಿನಲ್ಲಿದ್ದ ನನ್ನ ಸಹಿಯ ಮೇಲೆ ಬೆರಳಿಟ್ಟರು. "ಯಲ್ಲಾಲಿಂಗ, ಇದೇನು?"

ನಾನು ಬಾಯಿ ತೆರೆಯುವ ಮೊದಲೇ ಗುಂಡವ್ವ ಮಧ್ಯೆ ಬಾಯಿ ಹಾಕಿದಳು. ಈಗ ಮರಾಠಿ ಸರಾಗವಾಗಿ ಬಂತು. ಸ್ಟೋರಿನವರು ಸರಿಯಾಗಿಯೇ ಬಂದ್ ಮಾಡಿ ಹೋಗಿದ್ದರು ಸಾಹೇಬರೇ, ಬಾಗಿಲಿಗೆ ಕೀಲಿ ಹಾಕುವುದು ಮರೆತಿದ್ದರು, ನಾನೇ ಒಳಗೆ ಹೋಗಿ ಮತ್ತೆ ಹಚ್ಚಿದೆ ಎಂದಳು. ಸರ್ ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆ ಆಡಿಸಿದೆ. ನಾಚಿಕೆಗೇಡು, ಆದರೆ ಆಡಿಸಿದೆ.

"ಸಿಟ್ಟು ಆಮೇಲೆ ಮಾಡಿ" ಎಂದರು ಪ್ರಜ್ಞಾ ಮೇಡಂ. "ಈಕೆ ಹೇಳಿದಂತೆ ಇನ್ನೊಂದು ಸಲ ಆಗಲಿ. ನಾನು ಇಲ್ಲೇ ಇರುತ್ತೇನೆ."

ಹಾಗೇ ಆಯಿತು. ಗುಂಡವ್ವ ಯಂತ್ರ ಮುಟ್ಟುವಂತಿಲ್ಲ ಎಂದು ಸರ್ ಹಟ ಹಿಡಿದದ್ದಕ್ಕೆ, ಅವಳು ಸ್ಟೂಲಿನ ಮೇಲೆ ಕೈಕಟ್ಟಿ ಕೂತು ಇಡೀ ದಿನ ಹುಕುಂ ಕೊಟ್ಟಳು. "ಈಗ ಇಳಸು. ಸಾಕು. ಈಗ ಕಾರಿಡಾರ್ ಒರಸೂ ಅಷ್ಟು ಹೊತ್ತು ಸುಮ್ನ ಕುಂಡ್ರು." ಗಗನಾ ಗುಂಡಿ ತಿರುಗಿಸಿ ನಿಮಿಷ ನಿಮಿಷಕ್ಕೂ ಬರೆದುಕೊಂಡಳು. ಸಿಲಿಂಡರ್ ನೋಡಿಕೊಂಡದ್ದು ನಾನು.

ಮರುದಿನ ಅಯಸ್ಕಾಂತ ತೇಲಿತು. ಪ್ರಜ್ಞಾ ಮೇಡಂ ಮೂರು ಸಲ ತಳ್ಳಿ ನೋಡಿದರು, ಮೂರು ಸಲವೂ ಬೀಳಲಿಲ್ಲ. ಗಗನಾ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

ಸರ್ ಗಗನಾಳ ನೋಂದಣಿ ಮುಂದುವರಿಸುವ ಅರ್ಜಿಯನ್ನು ಎದುರಿಗೆ ಇಟ್ಟುಕೊಂಡರು. ಸಹಿ ಹಾಕಲಿಲ್ಲ. "ರಿಜಿಸ್ಟರಿನಲ್ಲಿ ಸುಳ್ಳು ಇರುವಾಗ ಇದಕ್ಕೆ ನಾನು ಸಹಿ ಹಾಕಲಾರೆ. ಆ ರವಿವಾರ ಕುಲುಮೆ ನಡೆಸಿದವರು ಏನಾಯಿತೆಂದು ತಮ್ಮ ಕೈಯಿಂದ ಬರೆಯಲಿ. ಅದರ ಮೇಲೆ ಯಾರ ಮೇಲೆ ಏನು ಕ್ರಮ ಅಂತ ನೋಡುತ್ತೇನೆ. ಬರೆಯಲು ಬರುತ್ತದೆಯೇ ಇವಳಿಗೆ?"

"ನಾಲ್ಕನೇತ್ತಾ ತನಕ ಸಾಲಿ ಕಲತೀನ್ರಿ" ಎಂದಳು ಗುಂಡವ್ವ. ಕೈಯನ್ನು ಸೀರೆಗೆ ಒರೆಸಿಕೊಂಡು ಪೆನ್ನು ಹಿಡಿದಳು. ಬಹಳ ಹೊತ್ತು ಹಿಡಿಯಿತು. ಬರೆದು ಪುಸ್ತಕ ತಿರುಗಿಸಿ ಇಟ್ಟಳು. ಕನ್ನಡ. ದಪ್ಪ ದಪ್ಪ ಅಕ್ಷರದ ನಾಲ್ಕು ಸಾಲು.

ಸರ್ ನೋಡಿದರು, ಮೇಡಂ ನೋಡಿದರು. ಗಗನಾ ಕಡೆ ಚಾಚಿದರು. "ನನಗೆ ಕನ್ನಡ ಓದೋಕೆ ಬರೋದಿಲ್ಲ ಸರ್" ಎಂದಳು ಅವಳು ಸಣ್ಣ ದನಿಯಲ್ಲಿ. ಆ ಇಡೀ ಕಾಲೇಜಿನಲ್ಲಿ ಅದನ್ನು ಓದಬಲ್ಲವನು ಒಬ್ಬನೇ. ರಿಜಿಸ್ಟರ್ ನನ್ನ ಕೈಗೆ ಬಂತು.

"ಓದಿ ಮರಾಠಿಯಲ್ಲಿ ಹೇಳು."

ಅಲ್ಲಿ ಬರೆದದ್ದು ಇಷ್ಟು: "ನಾನು ಗುಂಡವ್ವ ಮುತ್ತಪ್ಪ ಕಟ್ಟಿಮನಿ. ಬಾಗಿಲ ತೆರೆದಿತ್ತು. ಯಾರೂ ಕೀಲಿ ಕೊಟ್ಟಿಲ್ಲ. ತಪ್ಪು ನಂದು, ಹುಡುಗೀದೂ ಅಲ್ಲ ಸ್ಟೋರಿನವರದೂ ಅಲ್ಲ."

ಹನ್ನೊಂದು ವರ್ಷದಲ್ಲಿ ಅವಳ ಅಡ್ಡಹೆಸರು ಏನೆಂದು ನಾನು ಕೇಳಿರಲಿಲ್ಲ. ನನ್ನ ಕಡೆಯವಳೇ, ಎರಡು ಹಳ್ಳದ ಆಚೆಯವಳು. ಕೆಮ್ಮಿ, ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು, ಒಂದೊಂದೇ ಸಾಲಿನ ಮೇಲೆ ಬೆರಳಾಡಿಸುತ್ತ ಮರಾಠಿಯಲ್ಲಿ ಜೋರಾಗಿ ಓದಿದೆ:

"ನಾನು ಗುಂಡವ್ವ ಮುತ್ತಪ್ಪ ಕಟ್ಟಿಮನಿ. ಶನಿವಾರ ಸ್ಟೋರ್ ಕೀಪರ್ ಯಲ್ಲಾಲಿಂಗ ನನಗೆ ಕೀಲಿ ಕೊಟ್ಟು, ಕುಲುಮೆ ನೋಡಿಕೋ ಎಂದು ಹುಕುಂ ಮಾಡಿ ಪೈಠಣಕ್ಕೆ ಹೋಳಿಗೆ ಉಣ್ಣಲು ಹೋದ. ಬರಲೇ ಇಲ್ಲ. ಸೋಮವಾರ ಸುಳ್ಳು ಬರೆದು ಸಹಿ ಹಾಕಿದ. ತಪ್ಪು ಪೂರ್ತಿ ಅವನದು."

ಗುಂಡವ್ವನಿಗೆ ಮರಾಠಿ ನನಗಿಂತ ಚೆನ್ನಾಗಿ ತಿಳಿಯುತ್ತದೆ. ಕಣ್ಣು ಕೆಕ್ಕರಿಸಿ ನನ್ನ ತೋಳು ಹಿಡಿದು ಎಳೆದಳು.

"ಅಣ್ಣಾರ, ಏನ ಓದಾಕತ್ತೀರಿ? ನಾ ಹಂಗ ಬರದಿಲ್ರಿ! ಕನ್ನಡಾ ಮರತ್ರೇನು?"

"ಏನು ಹೇಳುತ್ತಾಳೆ?" ಎಂದು ಸರ್ ಗಗನಾಳನ್ನು ಕೇಳಿದರು.

ಗಗನಾ ನನ್ನ ಮುಖ ನೋಡಿದಳು, ಗುಂಡವ್ವನ ಮುಖ ನೋಡಿದಳು. ಆಮೇಲೆ ಅಚ್ಚ ಮರಾಠಿಯಲ್ಲಿ ಹೇಳಿದಳು: "ಸರಿಯಾಗಿ ಓದಿದ್ದಾರೆ ಅಂತಾರೆ ಸರ್."

ಸರ್ ಅವಳ ಅರ್ಜಿಗೆ ಸಹಿ ಹಾಕಿ ಪ್ರಜ್ಞಾ ಮೇಡಂ ಕಡೆ ಸರಿಸಿದರು. ಆಮೇಲೆ ಡ್ರಾಯರಿನಿಂದ ಇನ್ನೊಂದು ಹಾಳೆ ತೆಗೆದು, ಮೇಲುಗಡೆ ನನ್ನ ಹೆಸರು ಬರೆಯತೊಡಗಿದರು.